ಚೌಡಪ್ಪಮಾಮನ ಹೈಬ್ರೀಡ್ ಒಲೆ

ಅವತ್ತು ಜಗಲಿಯ ಮೇಲೆ ಐದು ಜನ ಇದ್ದೆವು. ಕಲ್ಲಿನ ಅಡಿಗೆಪಾತ್ರೆ ಕಲ್ಚಟ್ಟಿ ಕೆತ್ತುವ ಪೆರುಮಾಳ್, ಎದುರು ಸಾಲಿನ ಟೀ ಅಂಗಡಿಯ ಮಾದೇಶ, ಮಗ್ಗಕ್ಕೆ ಹಾಸಿನ ಎಳೆ ಜೋಡಿಸಿಕೊಡುವ ನಂಜಕ್ಕ, ಮದುವೆಯಾಗಿ ಹರೂರಿನಿಂದ ಸೇಲಂನ ಈ ನೇಕಾರರ ಬೀದಿಗೆ ಬಂದು ಆರು ತಿಂಗಳಾಗಿದ್ದ ನಾನು, ಮತ್ತು ನಮ್ಮ ನಡುವೆ ಮಂಡಿಯೂರಿ, ನೆಲದ ಮೇಲೆ ಇದ್ದಿಲಿನಿಂದ ಒಲೆಯ ಚಿತ್ರ ಬರೆಯುತ್ತಿದ್ದ ಚೌಡಪ್ಪಮಾಮ. ನಂಜಕ್ಕನ ತಮ್ಮ ಅವರು; ಜಗಲಿ ಅವರಿಬ್ಬರೂ ಇದ್ದ ಮನೆಯದು.

ಮಾಮ ಯಾರ ಮನೆಗೆ ಹೋದರೂ ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ. ಬೀದಿಯಲ್ಲೇ ನಿಂತು, ಹಣೆಗೆ ಅಂಗೈ ಮರೆಮಾಡಿ, ಹೆಂಚಿನ ಮೇಲೆ ಏಳುತ್ತಿರುವ ಹೊಗೆ ನೋಡುತ್ತಿದ್ದರು. ಆಮೇಲೆ ಮೂಗು. ಆಮೇಲೆ ಮಾತು. ನಾನು ಹೊಸ ಸೊಸೆಯಾಗಿ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಮೊದಲ ಬೆಳಿಗ್ಗೆಯೇ ಹೊರಗಿನಿಂದ ಒಂದು ದನಿ ಬಂತು.

“ಅಮ್ಮಣಿ, ಉಣಸೆ ಸೌದೆ ಆಕಿದ್ದೀಯ. ಅದೂ ಅಸೀದು. ಅಳ್ತಿರೋದು ನೀನಲ್ಲ, ಸೌದೆ.”

ನಾನು ಹೊರಗೆ ಬಂದು ನೋಡಿದರೆ ಬೆಳ್ಳಗಿನ ಮೀಸೆ, ಮಸಿ ಹಿಡಿದ ಪಂಚೆ, ಕಿವಿಗೆ ಸಿಕ್ಕಿಸಿದ ಇದ್ದಿಲ ಚೂರು. ಬೇರೆಯವರು ಅಲ್ಲಿ ಬೀಡಿ ಸಿಕ್ಕಿಸುತ್ತಾರೆ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ನೆಟ್ಟಗೆ ಒಳಗೆ ಬಂದು, ಒಲೆಯ ಬಾಯಿಯನ್ನು ಗೇಣು ಹಾಕಿ ಅಳೆದು, “ಇದು ಒಲೆಯಲ್ಲ ತಾಯಿ, ದೆವ್ವದ ಬಾಯಿ” ಎಂದು ತೀರ್ಪು ಕೊಟ್ಟು ಹೋದರು.

ಅದು ತೊಂಬತ್ತರ ದಶಕದ ಮೊದಲ ವರ್ಷಗಳು. ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ. ಮಾಮನೂ ಹೆಸರು ಬರೆಸಿದ್ದರು, ಅಕ್ಕನ ಕಾಟಕ್ಕೆ. ಆದರೆ ಅವರ ಜೀವ ಇದ್ದದ್ದು ಸೌದೆ ಒಲೆಯಲ್ಲಿ. ನಲವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ನೇಯ್ದವರು, ಮೊಣಕಾಲು ಸೋತ ಮೇಲೆ ಒಲೆ ಕಟ್ಟಲು ಶುರುಮಾಡಿದ್ದರು. ಬೀದಿಯಲ್ಲಿ ಏಳು ಮನೆಯ ಒಲೆ ಒಡೆದು ಮತ್ತೆ ಕಟ್ಟಿದ್ದರು. ಒಂದು ಒಲೆ ಅನ್ನ ಬೇಯಿಸುತ್ತಿತ್ತು, ಸಾರು ಕುದಿಸುತ್ತಿರಲಿಲ್ಲ. ಇನ್ನೊಂದು ಗಾಳಿ ಬೀಸಿದಾಗ ಮಾತ್ರ ಉರಿಯುತ್ತಿತ್ತು. ಮಾದೇಶನ ಅಂಗಡಿಗೆ ಕಟ್ಟಿಕೊಟ್ಟದ್ದಂತೂ ಎಷ್ಟು ಚೆನ್ನಾಗಿ ಉರಿಯಿತೆಂದರೆ ಹಾಲಿನ ಪಾತ್ರೆಯ ತಳ ಕಿತ್ತು ಹೋಯಿತು.

“ಮಾಮಾ, ನೀ ನಮ್ಮ ಬೀದಿಗೆ ಬಂದಿರೋ ಏಳರಾಟ ಶನಿ” ಎನ್ನುತ್ತಿದ್ದ ಮಾದೇಶ.

“ಏಳು ಆಯ್ತಲ್ಲಾ, ಎಂಟನೇದು ನೋಡು” ಎನ್ನುತ್ತಿದ್ದರು ಮಾಮ.

ಆ ಎಂಟನೆಯದರ ಚಿತ್ರವೇ ಅವತ್ತು ಜಗಲಿಯ ಮೇಲೆ ಬಿದ್ದದ್ದು. ಮೈ ಅದಿಯಮಾನ್‌ಕೋಟೆ ಕಡೆಯ ಜೇಡಿಮಣ್ಣಿನದು. ಒಳಗೆ ಕಲ್ಚಟ್ಟಿ ಮಾಡುವ ಬಳಪದ ಕಲ್ಲಿನ ಒಂದು ಸುತ್ತು, ಬಳೆಯ ಹಾಗೆ. ಆ ಕಲ್ಲಿಗೆ ನಲವತ್ತು ತೂತು. ಸೌದೆಯಿಂದ ಎದ್ದ ಹೊಗೆ ಗೋಡೆಯ ಹಿಂದಿನಿಂದ ಮೇಲೇರಿ, ಆ ತೂತುಗಳ ಮೂಲಕ ಮತ್ತೆ ಉರಿಯ ಮೇಲೇ ಬಂದು ಬಿದ್ದು, ಅಲ್ಲಿ ತಾನೇ ಹೊತ್ತಿಕೊಳ್ಳಬೇಕು. ಕಲ್ಲು ಕಾದರೆ ಬೆಂಕಿ ಆರಿದ ಮೇಲೂ ಸಂಜೆಯ ತನಕ ನೀರು ಬಿಸಿ.

“ಲಾಳಿ ಆ ಕಡೆ ಓಗಿ ಈ ಕಡೆ ಬರಲ್ವಾ?” ಎಂದರು ಮಾಮ, ಕೈಯಲ್ಲೇ ಲಾಳಿ ಓಡಿಸಿ. “ಒಂದೇ ಕಡೆ ಓಗಿದ್ರೆ ಬಟ್ಟೆ ಆಗ್ತಿತ್ತಾ? ಒಗೇನೂ ಅಂಗೇ. ಓಗಿ ಬರ್ಲಿ. ಬಂದ್ರೆ ಸುಟ್ಟೋಗ್ತದೆ.”

“ಮಣ್ಣು ಒಂದು ಜಾತಿ, ಕಲ್ಲು ಒಂದು ಜಾತಿ” ಎಂದ ಮಾದೇಶ. “ಪಾಪಿರೆಡ್ಡಿಪಟ್ಟಿ ಕಡೆ ಹೈಬ್ರೀಡ್ ಟೊಮ್ಯಾಟೊ ಆಕ್ತಾರಲ್ಲ, ಅಂಗೆ ಇದು ಹೈಬ್ರೀಡ್ ಒಲೆ.”

ಎಲ್ಲರೂ ನಕ್ಕರು. ಹೆಸರು ಅಂಟಿಕೊಂಡಿತು. ನಗದೇ ಇದ್ದವರು ನಂಜಕ್ಕ ಒಬ್ಬರೇ. ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ.

ಮಗ್ಗದಲ್ಲಿ ಹಳೆಯ ಹಾಸು ಮುಗಿದಾಗ ಹೊಸದನ್ನು ಅದರ ತುದಿಗೆ ಎಳೆ ಎಳೆಯಾಗಿ ಹೊಸೆದು ಜೋಡಿಸಬೇಕು. ಸಾವಿರಾರು ಎಳೆ. ಬೆರಳ ತುದಿಗೆ ಬೂದಿ ಹಚ್ಚಿಕೊಂಡು, ಹಳೆಯದೊಂದು ಹೊಸದೊಂದು ಹಿಡಿದು, ಒಂದೇ ತಿರುವು. ನಂಜಕ್ಕ ತಿರುವಿದ ಎಳೆ ಬಿಚ್ಚಿಕೊಂಡದ್ದಿಲ್ಲ. ಗಂಡ ತೀರಿಕೊಂಡ ಮೇಲೆ ಅದೇ ಅವರ ಅನ್ನ, ಅದೇ ಅವರ ಗತ್ತು. ಈಗ ಕಣ್ಣು ಕೆಂಪಾಗಿ ನೀರಿಳಿಯುತ್ತಿತ್ತು. ಬಿಳಿ ನೂಲಿನಲ್ಲಿ ಬಿಳಿ ಎಳೆ ಕಾಣುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹೊಗೆಯ ಹತ್ತಿರ ಹೋಗಲೇಬೇಡಿ ಎಂದಿದ್ದರು. ಮಗ್ಗದ ಯಜಮಾನರು, ಆಡಿ ತಿಂಗಳು, ಅಂದರೆ ಆಷಾಢ, ಕಳೆಯುವುದರೊಳಗೆ ಕಣ್ಣು ಸರಿಹೋಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಹಾಗೆಂದು ಅಡಿಗೆ ಬಿಟ್ಟುಕೊಡುವವರೂ ಅಲ್ಲ ನಂಜಕ್ಕ. ನಾನು ಸಾರು ತಂದುಕೊಟ್ಟರೆ, “ನಿಮ್ಮ ಅರೂರಿನವರು ಉಪ್ಪಿಗೆ ಎದರ್ಕೊಂತೀರಿ” ಎಂದು ವಾಪಸು ಕಳಿಸುತ್ತಿದ್ದರು.

ಆದ್ದರಿಂದ ಆ ಒಲೆ ಬೇಕೇ ಬೇಕಿತ್ತು.

ಆ ಆಡಿಯ ಮೊದಲ ಎರಡು ವಾರ ನಮ್ಮ ಬೀದಿಯ ಸಂಭ್ರಮ ಹೇಳತೀರದು. ಗಿರಾಕಿಗಳು ಟೀ ಕೇಳುವ ಮೊದಲು “ಕಲ್ಲು ಎಷ್ಟು ತೂತು ಆಯ್ತು?” ಎಂದು ಕೇಳುತ್ತಿದ್ದರು. ಪೆರುಮಾಳ್ ದಿನಕ್ಕೆ ಮೂರು, ನಾಲ್ಕು ಕೊರೆಯುತ್ತಿದ್ದ. ಇಪ್ಪತ್ತೇಳನೆಯದಕ್ಕೆ ಸಣ್ಣ ಬಿರುಕು ಕಂಡಿತೆಂದು ಇಡೀ ಬೀದಿ ಉಸಿರು ಹಿಡಿಯಿತು. ಬಿರುಕಲ್ಲ, ಕಲ್ಲಿನ ನರ ಎಂದು ಗೊತ್ತಾದಾಗ ಮಾದೇಶ ಎಲ್ಲರಿಗೂ ಬಿಟ್ಟಿ ಟೀ ಕೊಟ್ಟ. ಹರೂರಿನಿಂದ ನಮ್ಮಪ್ಪ ಬಸ್ಸು ಹತ್ತಿ ಬಂದರು. ಮಗಳನ್ನು ನೋಡಲು ಎಂದರು. ಬಂದವರು ಮೊದಲು ಹೋದದ್ದು ಮಾಮನ ಮನೆಗೆ. ನಾನೂ ಏನು ಕಡಿಮೆ? ಮಣ್ಣು ತುಳಿದ ಹೆಂಗಸರಲ್ಲಿ ಒಬ್ಬಳಾಗಿ, ಒಲೆಯ ಬಲಭುಜ ನನ್ನದೇ ಎಂದು ಹೇಳಿಕೊಂಡು ತಿರುಗಿದೆ.

ಕಲ್ಲು ಕೂರಿಸಿದ ದಿನ ಪೆರುಮಾಳ್ ಬೆರಳೆತ್ತಿ ಎಚ್ಚರಿಸಿದ. “ಅವಸರಪ್ಪಡಾದೆ, ಚೌಡಪ್ಪಾ. ಮೊದಲ್ಲೆ ಕಲ್ಲೈ ಪಳಕ್ಕಣುಂ.” ಹೊಸ ಕಲ್ಚಟ್ಟಿಯನ್ನು ಹೇಗೋ ಹಾಗೆಯೇ ಈ ಕಲ್ಲನ್ನೂ ಅನ್ನ ಬಸಿದ ತಿಳಿನೀರು ಹಾಕಿ, ಎಣ್ಣೆ ಅರಿಸಿನ ಸವರಿ, ಕೆಲವು ದಿನ ಪಳಗಿಸಬೇಕು, ಇಲ್ಲದಿದ್ದರೆ ಸಿಡಿಯುತ್ತದೆ ಎಂದು ಅವನ ಮಾತು.

ಮಾಮ ತಲೆಯಾಡಿಸಿದರು. ಆದರೆ ಅವರೊಳಗಿನ ನೇಕಾರ ಸುಮ್ಮನಿರಬೇಕಲ್ಲ! ಬಸಿದ ನೀರು ಅವರಿಗೆ ತೀರ ತೆಳುವಾಗಿ ಕಂಡಿತು. ನಮ್ಮ ಬೀದಿಯಲ್ಲಿ ಹಾಸಿನ ನೂಲಿಗೆ ಗಟ್ಟಿಯಾಗಲೆಂದು ದಪ್ಪ ಗಂಜಿ ಬಳಿಯುತ್ತಾರೆ. ಆ ಗಂಜಿಯ ಮಡಕೆ ಪಕ್ಕದಲ್ಲೇ ಇತ್ತು, ಬಳಿಯುವ ಕುಂಚವೂ ಇತ್ತು.

“ನೂಲಿಗೇ ಬಲ ಕೊಡೋ ಗಂಜಿ ಕಲ್ಲಿಗೆ ಕೊಡಲ್ವಾ?” ಎಂದು ನನ್ನ ಮುಂದೆಯೇ ಮೂರು ಕೈ ಬಳಿದರು. ನಾನು ಸರಿ ಎಂದೆ. ನನಗೇನು ಗೊತ್ತು!

ಹಚ್ಚುವ ಬೆಳಿಗ್ಗೆ ಮನೆ ತುಂಬ ಜನ. ಹೊರಗೆ ಬೀದಿಯುದ್ದಕ್ಕೂ ಆಗಷ್ಟೇ ಗಂಜಿ ಬಳಿದ ಬಿಳಿ ಹಾಸು ಎಳೆದು ಕಟ್ಟಿ ಒಣಗಲು ಬಿಟ್ಟಿದ್ದರು. ನಂಜಕ್ಕ ಕರ್ಪೂರ ಹಚ್ಚಿ, ಕೈ ಮುಗಿದು, ಸೌದೆಗೆ ಬೆಂಕಿ ಇಟ್ಟರು. ಮಾಮ ಹೆಂಚಿನ ಮೇಲಿನ ಹೊಗೆ ಕೊಳವೆ ನೋಡಲು ಹೊರಗೆ ಓಡಿದರು. ಕೊಳವೆಯಲ್ಲಿ ಒಂದೆಳೆ ಹೊಗೆ ಇಲ್ಲ.

“ಇಲ್ಲಾ! ಒಗೆ ಇಲ್ಲಾ! ಕಣ್ರೋ, ಇಲ್ಲಾ!” ಎಂದು ಕುಣಿದೇಬಿಟ್ಟರು, ಆ ಮೊಣಕಾಲಿನಲ್ಲಿ.

ಅಷ್ಟರಲ್ಲಿ ಬಾಗಿಲಿನಿಂದ ಬಂತು. ಕಪ್ಪು ಮೋಡದ ಹಾಗೆ. ನಾವು ಕೆಮ್ಮುತ್ತ, ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಬಂದೆವು. ನಂಜಕ್ಕನನ್ನು ನಾನೇ ತೋಳು ಹಿಡಿದು ತಂದೆ. ಹೊಗೆ ಬಿಳಿ ಹಾಸಿನ ಕಡೆಗೆ ತಿರುಗಿದ್ದೇ ತಡ, ಬೀದಿಯ ಹೆಂಗಸರೆಲ್ಲ ಸೆರಗು, ಮೊರ, ತಟ್ಟೆ ಸಿಕ್ಕಿದ್ದು ಹಿಡಿದು ಬೀಸತೊಡಗಿದರು. ಯಾರೋ ಒಲೆಗೆ ಎರಡು ಕೊಡ ನೀರು ಸುರಿದರು.

“ಒಗೆ ಓಗಿ ಬಂತು ಮಾಮಾ, ನೀ ಏಳ್ದಂಗೇ” ಎಂದ ಮಾದೇಶ. ಅವನಿಗೂ ನಗು ಬರಲಿಲ್ಲ.

ಮಾಮ ಜಗಲಿಯ ಮೇಲೆ ಕುಳಿತರು. ಕಿವಿಯಲ್ಲಿದ್ದ ಇದ್ದಿಲ ಚೂರನ್ನು ತೆಗೆದು ಬೀದಿಗೆ ಎಸೆದರು. ಅವರು ಅದಿಲ್ಲದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. “ಅಕ್ಕನ ಕಣ್ಣು ನಾನೇ ತೆಗೆದೆ” ಎಂದರು, ಯಾರಿಗೆಂದಲ್ಲ.

ಒಳಗಿನಿಂದ ನಂಜಕ್ಕನ ದನಿ ಕೇಳಿದಾಗ ನಾವು ಬೆಚ್ಚಿದೆವು. ಯಾವಾಗ ಒಳಗೆ ಹೋಗಿದ್ದರೋ! ಒಲೆಯ ಮುಂದೆ ಕುಳಿತು, ಕಣ್ಣು ಮುಚ್ಚಿಕೊಂಡು, ಕಲ್ಲಿನ ಸುತ್ತನ್ನು ಬೆರಳಲ್ಲಿ ತಡವುತ್ತಿದ್ದರು.

“ಲೇ ಚೌಡಾ, ಬಾರೋ ಇಲ್ಲಿ. ನಲವತ್ತು ತೂತು ಅಂದೆ. ನನ್ನ ಬೆರಳಿಗೆ ಒಂದೂ ಸಿಗಲ್ಲ. ಎಲ್ಲಾ ಗಂಜಿ ಕಟ್ಟೈತೆ.”

ಪೆರುಮಾಳ್ ಮುಟ್ಟಿ ನೋಡಿ ಹಣೆ ಹಣೆ ಚಚ್ಚಿಕೊಂಡ. ಮಾಮ ಗಂಜಿಯ ಮಡಕೆಯ ಕಡೆ ನೋಡಿದರು. ನಾನು ಕುಂಚವನ್ನು ಸೆರಗಿನಡಿ ಸರಿಸಿಕೊಂಡೆ.

“ಎಳೆ ಎಳೆಯೋ ಕೊಕ್ಕೆ ಕೊಡು ಅಮ್ಮಣಿ” ಎಂದರು ನಂಜಕ್ಕ. ಮಗ್ಗದ ಹಣಿಗೆಯ ಸಂದಿನಲ್ಲಿ ನೂಲು ತೂರಿಸುವ ತೆಳು ಕೊಕ್ಕೆ ಅದು. ಅದನ್ನು ಹಿಡಿದು, ಕಣ್ಣು ತೆರೆಯದೆಯೇ, ಒಂದೊಂದು ತೂತನ್ನೂ ಬಿಡಿಸಿದರು. ನಾವು ಎಣಿಸಿದೆವು. ಮೂವತ್ತೊಂಬತ್ತಕ್ಕೆ ನಿಂತಾಗ ಮಾದೇಶ, “ಇನ್ನೊಂದು ಅಕ್ಕಾ, ಇನ್ನೊಂದೈತೆ” ಎಂದು ಪರೀಕ್ಷೆ ಬರೆಯುವವನಂತೆ ಒದ್ದಾಡಿದ.

ಆಮೇಲೆ ಪೆರುಮಾಳ್ ಹೇಳಿದ ಹಾಗೆಯೇ ಪಳಗಿಸಿದರು. ಒಂಬತ್ತು ದಿನ. ಕುಂಚವನ್ನು ನಾನು ನಮ್ಮ ಮನೆಯಲ್ಲಿ ಬಚ್ಚಿಟ್ಟಿದ್ದೆ.

ಹತ್ತನೆಯ ದಿನ ಮತ್ತೆ ಹಚ್ಚಿದರು. ಮೊದಲು ಸೌದೆ ಹೊತ್ತಿತು. ಸ್ವಲ್ಪ ಹೊಗೆ ಆಡಿತು. ಕಲ್ಲು ಕಾಯುತ್ತಿದ್ದಂತೆ ಒಂದು ತೂತಿನಲ್ಲಿ ನೀಲಿ ನಾಲಗೆಯೊಂದು ಇಣುಕಿತು. ಇನ್ನೊಂದು. ಮತ್ತೊಂದು. ನೋಡನೋಡುತ್ತ ಸುತ್ತಲೂ ನಲವತ್ತು ದೀಪ! ಹೊಗೆಯೇ ಉರಿಯುತ್ತಿತ್ತು. ಮಾಮ ಹೊರಗೆ ಓಡಿದರು, ಕೊಳವೆ ನೋಡಿದರು, ಒಳಗೆ ಬಂದರು, ಮತ್ತೆ ಓಡಿದರು. ಈ ಸಲ ಕುಣಿಯಲಿಲ್ಲ. ಬೀದಿಯ ನಡುವೆ ನಿಂತು, ಹಣೆಗೆ ಅಂಗೈ ಹಿಡಿದು, ಏನೂ ಇಲ್ಲದ ಆಕಾಶವನ್ನು ಬಹಳ ಹೊತ್ತು ನೋಡುತ್ತಿದ್ದರು.

“ಮಾಮಾ, ಏನ್ ಕಾಣ್ತೈತೆ?” ಎಂದೆ.

“ಏನೂ ಕಾಣಲ್ಲ ಅಮ್ಮಣಿ” ಎಂದರು. “ಏನೇನೂ ಕಾಣಲ್ಲ!”

ಮಾರನೆಯ ದಿನ ನಂಜಕ್ಕ ಒಲೆ ಗೋರಿ ಬೂದಿ ತೆಗೆದರು. ವಿಭೂತಿಯ ಹಾಗೆ ಬೆಳ್ಳಗೆ, ನಯವಾಗಿತ್ತು. ಬೆರಳಿಗೆ ಹಚ್ಚಿ ಒಂದು ಎಳೆ ಹೊಸೆದು ನೋಡಿ, “ಆಂ” ಎಂದರು, ಅಷ್ಟೇ. ಆಡಿ ಮುಗಿಯುವ ಹೊತ್ತಿಗೆ ಕಣ್ಣಿನ ನೀರು ನಿಂತಿತ್ತು. ಯಜಮಾನರು ಬೇರೆಯವರನ್ನು ಹುಡುಕಲಿಲ್ಲ. ಎಳೆ ಜೋಡಿಸುವ ಬೇರೆ ಬೀದಿಯ ಹೆಂಗಸರೂ ಆ ಬೂದಿಗೆ ಡಬ್ಬಿ ಹಿಡಿದು ಬರತೊಡಗಿದರು. ಒಲೆಗಿಂತ ಬೂದಿಗೆ ಹೆಸರು ಬಂದದ್ದು ಮಾಮನಿಗೆ ಒಳಗೊಳಗೇ ಕೊರಗು.

ಮಾಮನನ್ನು ನಾನು ಕೊನೆಯ ಸಲ ನೋಡಿದ್ದು ಹರೂರಿನ ಬಸ್ ನಿಲ್ದಾಣದಲ್ಲಿ, ನಾನು ತವರಿಗೆ ಹೋಗಿದ್ದಾಗ. ನಮ್ಮಪ್ಪನ ಮನೆಗೆ ಒಲೆ ಕಟ್ಟಲು, ತೊಡೆಯ ಮೇಲೆ ಕಲ್ಲಿನ ಸುತ್ತು ಇಟ್ಟುಕೊಂಡು ಸೇಲಂನಿಂದ ಬಂದು, ಕಟ್ಟಿ ಮುಗಿಸಿ ಹೊರಟಿದ್ದರು. ಬಸ್ಸು ಹೊರಟಾಗ ನನ್ನನ್ನು ನೋಡಿ ಕೈಯಾಡಿಸಲಿಲ್ಲ. ಕಿಟಕಿಯಿಂದ ತಲೆ ಹಾಕಿ, ನಿಲ್ದಾಣದ ಹಿಂದಿನ ಹೋಟೆಲಿನ ಹೊಗೆ ನೋಡಿ ಮುಖ ಸಿಂಡರಿಸುತ್ತಿದ್ದರು.

ನಾನು ಸೇಲಂಗೆ ಮರಳುವ ಮೊದಲೇ ಅವರು ತೀರಿಕೊಂಡರು. ಮರುವರ್ಷ ಅವರ ಹೆಸರಿಗೆ ಗ್ಯಾಸ್ ಬಂತು. ನಂಜಕ್ಕ ಸಿಲಿಂಡರಿಗೆ ಕುಂಕುಮ ಇಟ್ಟು, ಗ್ಯಾಸ್ ಒಲೆಯ ಮೇಲೆ ಕಾಫಿ ಕಾಸಿ ನನಗೂ ಕೊಟ್ಟರು. ಮಾರನೆಯ ಬೆಳಿಗ್ಗೆ ಹೊಸ ಹಾಸು ಬಂತು. ಬೂದಿ ಬೇಕಾಗಿತ್ತು. ಅವರು ಹೈಬ್ರೀಡ್ ಒಲೆ ಹಚ್ಚಿದರು.