ಯಡ್ತರೆಯ ಬೈಲಿನಲ್ಲಿ ಒಂದು ಜೋಳದ ಹೊಲ

ಮನುಷ್ಯನು ಎಲ್ಲಿಗೇ ವಲಸೆ ಹೋಗಲಿ, ತನ್ನ ನಾಡನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೋಗುತ್ತಾನೆ ಎಂದು ತಿಳಿದವರು ಹೇಳುತ್ತಾರೆ. ನಾವು ಗದಗ ಬಿಟ್ಟು ಬೈಂದೂರಿನ ಪಕ್ಕದ ಯಡ್ತರೆಗೆ ಬಂದಾಗ ಹೊತ್ತು ತಂದದ್ದು ಒಂದು ಚೀಲ ಬಿಳಿಜೋಳ. ಸಂಕ್ರಾಂತಿಯೊಳಗೆ ಅದಕ್ಕೆ ಹುಳ ಬಿತ್ತು.

ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ದನಗಳು. ಒಂದೆರಡಲ್ಲ, ಗ್ರಾಮಸಭೆ ನಡೆಸಲು ಕೋರಂ ಆಗುವಷ್ಟು. ನಮ್ಮ ಕಡೆಯ ಎತ್ತಿನ ಹೊಟ್ಟೆಯಡಿ ನುಸುಳಿ ಆಚೆ ಹೋಗಬಹುದಾದ ಕುಳ್ಳ ಜಾತಿ. ಅದರಲ್ಲೊಂದು ನನ್ನ ಹೆಂಡತಿ ಒಣಹಾಕಿದ್ದ ಟವೆಲ್ಲಿನ ರುಚಿ ನೋಡುತ್ತಿತ್ತು. ಕಾಯುವವರು ಎಂಬ ಪ್ರಾಣಿ ಮಾತ್ರ ಸುತ್ತಮುತ್ತ ಇರಲಿಲ್ಲ. ನಮ್ಮಲ್ಲಿ ಒಬ್ಬರ ಎತ್ತು ಇನ್ನೊಬ್ಬರ ಹೊಲಕ್ಕೆ ಮೂತಿ ಇಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತು. ಮೊದಲು ಬೈಗುಳ, ಆಮೇಲೆ ಕೊಂಡವಾಡ. ದನಗಳ ಆ ಸೆರೆಮನೆಗೆ ನಮ್ಮೂರಿನಲ್ಲಿ ಈಗ ಚಾವಣಿ ಉಳಿದಿಲ್ಲ; ಅಧಿಕಾರ ಉಳಿದಿದೆ.

"ಯಾರ ಆಕಳ್ರೀ ಇವು?" ಎಂದು ಪಕ್ಕದ ಮನೆಯ ಕಡೆ ಕೂಗಿದೆ. ಬಾವಿಕಟ್ಟೆಯ ಬಳಿ ಮೀನಿನ ಬುಟ್ಟಿ ತೊಳೆಯುತ್ತಿದ್ದ ಹೆಂಗಸು ತಲೆಯೆತ್ತಿದರು.

"ಹ್ವಾಯ್, ಅದ್ ಬೈಲಿನ ಗಂಟಿ ಮಾರಾಯ್ರೆ. ಕೊಯ್ಲ್ ಆಯ್ತಲ್ದಾ, ಬಿಟ್ಟದ್. ಅದ್ರ ಪಾಡಿಗೆ ಅದ್ ಹೋತ್."

ಗಂಟಿ ಎಂದರೆ ದನಕರು. ಬೈಲು ಎಂದರೆ ಮನೆಗಳ ನಡುವೆ ತಗ್ಗಿನಲ್ಲಿ ಹರಡಿದ ಗದ್ದೆಗಳು. ಭತ್ತ ಮನೆ ಸೇರಿದ ಮೇಲೆ, ಮಳೆ ಬರುವ ತನಕ, ಗದ್ದೆ ಯಾರ ಹೆಸರಲ್ಲಿದ್ದರೂ ಹುಲ್ಲು ಎಲ್ಲರ ದನಗಳದ್ದು. ಯಾರೂ ಕಟ್ಟುವುದಿಲ್ಲ, ಯಾರೂ ಬೇಲಿ ಹಾಕುವುದಿಲ್ಲ. ಈಗ ಎಲ್ಲ ಕಡೆ ಹೀಗಿಲ್ಲವಂತೆ, ನಮ್ಮ ಬೈಲಿನಲ್ಲಿದೆ. ಇದನ್ನೆಲ್ಲ ನನಗೆ ತಿಳಿಸಿದವರು ಅದೇ ಹೆಂಗಸು, ಗಿರಿಜಕ್ಕ. ಬೆಳಿಗ್ಗೆ ಮೀನು ಮಾರಿ ಮಧ್ಯಾಹ್ನ ಮನೆಗೆ ಬಂದರೆ ಅವರಿಗೆ ಇರುವ ಸಂಸಾರ ಒಂದೇ: ಲಚ್ಚಿ ಎಂಬ ಗಬ್ಬದ ದನ. ನಾನು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಸುಮ್ಮನೆ ಕುಳಿತಿರುವುದನ್ನು ಕಂಡು, ಇಂಥವನು ಮೇಷ್ಟ್ರೇ ಇರಬೇಕು ಎಂದು ಅವರು ತೀರ್ಮಾನಿಸಿದರು. ಅಂದಿನಿಂದ ಊರಿಗೆಲ್ಲ ನಾನು ಮಾಷ್ಟ್ರು.

ನಾನು ಮೇಷ್ಟ್ರಲ್ಲ. ಗದಗಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಅದು ಮುಚ್ಚಿದ ಮೇಲೆ ತಿದ್ದಲು ಮನೆಯ ಮಂದಿ ಮಾತ್ರ ಉಳಿದರು. ಅವರು ಅದಕ್ಕೆ ಒಪ್ಪಲಿಲ್ಲ. ಅಷ್ಟರಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಶಾಂತಾಳಿಗೆ ಈ ಕಡೆಯ ಆಸ್ಪತ್ರೆಗೆ ವರ್ಗವಾಯಿತು. ಮನೆ ಹುಡುಕಿದ್ದೂ ಒಂದು ಕಥೆಯೇ. ಮುಂಬೈಯಲ್ಲಿ ಹೋಟೆಲು ನಡೆಸುವ ಮನೆಯ ಯಜಮಾನರು ಫೋನಿನಲ್ಲಿ ಹೇಳಿದರು: "ಬಾಡಿಗೆ ಗೀಡಿಗೆ ಕುಛ್ ನಹೀ. ನಮ್ ಗಂಟಿ ಒಂದ್ ಚಂದ ಮಾಡಿ ಕಂಡ್ಕಣಿ, ಸಾಕ್." ಹೀಗೆ ಮನೆ, ಮನೆಯೆದುರಿನ ಒಂದು ಗದ್ದೆ, ತುಂಗೆ ಎಂಬ ದನ, ಅದರ ಕರು ಮತ್ತು ನಮ್ಮನ್ನು ಬಾಡಿಗೆದಾರರೆಂದು ಕೊನೆಯವರೆಗೂ ಒಪ್ಪದ ಕೋಳಿಗಳ ಒಂದು ಗುಂಪು ನಮ್ಮ ಪಾಲಿಗೆ ಬಂದವು. ಗದಗಿನಲ್ಲಿ ಮನೆಗೆ ಬಾಡಿಗೆ ಕೊಟ್ಟು ಆಕಳಿಗೆ ಕೈಮುಗಿಯುತ್ತಿದ್ದೆವು. ಇಲ್ಲಿ ಆಕಳ ಸೇವೆಯೇ ಬಾಡಿಗೆ.

ಹೊಸ ಊರಿಗೆ ಹೊಂದಿಕೊಳ್ಳುವುದರಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಆರು ವರ್ಷದ ಗಂಗಾ ಒಂದೇ ವಾರದಲ್ಲಿ "ಎಂತ", "ಹೋಪ", "ಬತ್ತೆ" ಎನ್ನತೊಡಗಿದಳು. ಕುಚ್ಚಲಕ್ಕಿಯ ದಪ್ಪ ಅನ್ನವನ್ನು ಗಂಜಿಯ ಸಮೇತ ಸುರಿದುಕೊಂಡಳು. ಹತ್ತು ವರ್ಷದ ನೀಲಾ ಮಾತ್ರ ಗದಗಿನ ಪರವಾಗಿ ಸತ್ಯಾಗ್ರಹ ಹೂಡಿದಳು. ಇಲ್ಲಿಯ ಮಾತು ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು. ಒಂದಕ್ಷರವನ್ನೂ ನಾಲಿಗೆಗೆ ತಾಕಿಸಲಿಲ್ಲ. ಶಾಲೆಯಲ್ಲಿ ಕೇಳಿದ್ದಕ್ಕೆ ತಲೆಯಾಡಿಸಿ ಬರುತ್ತಿದ್ದಳು. ಬೆವರಿಗೆ ಅಂಟಿಕೊಂಡ ಅಂಗಿಯನ್ನು ಎಳೆದುಕೊಳ್ಳುತ್ತಾ ದಿನಕ್ಕೊಮ್ಮೆ ಕೇಳುತ್ತಿದ್ದಳು: "ಗದಗಕ್ಕ ಯಾವಾಗ ಹೋಗೂದು?" ಒಂದು ದಿನ ಪ್ರಶ್ನೆ ಬದಲಾಯಿತು. "ಅಪ್ಪಾ, ಇಲ್ಲಿ ಸೀತನಿ ಸಿಗಂಗಿಲ್ಲೇನು?"

ಸೀತನಿಯನ್ನು ನಿಮಗೆ ವಿವರಿಸಬೇಕಿಲ್ಲ. ಇಲ್ಲಿಯವರಿಗೆ ವಿವರಿಸಿ ಸೋತಿದ್ದೇನೆ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬಿಸಿಬಿಸಿ ಬಾಯಿಗೆ ಹಾಕಿಕೊಳ್ಳುವುದು ಎಂದು ಹೇಳಿದಾಗ ಗಿರಿಜಕ್ಕ ಬಹಳ ಮರುಕದಿಂದ "ಅಕ್ಕಿ ಸಿಕ್ಕುದಿಲ್ಯಾ ನಿಮ್ ಬದಿಯಂಗೆ?" ಎಂದು ಕೇಳಿದ್ದರು.

ಮಗಳಿಗೆ ಮಾತು ಕೊಟ್ಟೆ. ಮಳೆಗಿಂತ ಮೊದಲು ಸೀತನಿ ತಿನ್ನಿಸುತ್ತೇನೆ ಎಂದೆ. ಊರಿನಿಂದ ಅಣ್ಣ ಬೀಜ ಕಳಿಸಿದ. ಶಿವರಾತ್ರಿ ಮುಗಿಯುತ್ತಲೇ ಗದ್ದೆಯ ಒಂದು ಮೂಲೆಯನ್ನು ಅಗೆದು ಜೋಳ ಬಿತ್ತಿದೆವು. ಯಡ್ತರೆಯ ಇತಿಹಾಸದಲ್ಲಿ ಇದೇ ಮೊದಲಿರಬೇಕು, ಕೊನೆಯದಂತೂ ಹೌದು. ಬಾವಿಯಿಂದ ನೀರು ಹೊತ್ತವಳು ನೀಲಾ. ಮೊಳಕೆ ಬಂದ ದಿನ ಅವಳು ಯಡ್ತರೆಗೆ ಬಂದ ಮೇಲೆ ಮೊದಲ ಸಲ ತಾನಾಗಿ ನಕ್ಕಳು.

ಒಂದು ಸಂಗತಿ ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು: ಎಳೆಯ ಜೋಳ, ಅದರಲ್ಲೂ ನೀರಿಲ್ಲದೆ ಬಾಡಿದ ಎಳೆಯ ಜೋಳ, ದನಕ್ಕೆ ವಿಷ. ಅದಕ್ಕೇ ಗೂಟ ನೆಟ್ಟು, ತೆಂಗಿನ ಮಡಲು ಕಟ್ಟಿ, ಬಲವಾದ ಬೇಲಿ ಹಾಕಿದೆ. ಬಲವಾದದ್ದು ಎನ್ನುವುದು ಕಟ್ಟಿದವನ ಅಭಿಪ್ರಾಯ. ಗಿರಿಜಕ್ಕ ಬುಟ್ಟಿ ಸೊಂಟದಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಮಾಷ್ಟ್ರೇ, ಇದೆಂತ, ಬೇಸಗಿಲಿ ಬೇಲಿಯಾ?"

"ಜೋಳ್ರೀ ಅಕ್ಕಾ. ಎಳೇದಿದ್ದಾಗ ದನಾ ತಿಂದ್ರ ಸಾಯ್ತಾವು."

"ನೀವ್ ರೊಟ್ಟಿ ತಟ್ಕಂಡ್ ತಿಂಬುದ್ ಇದೇ ಅಲ್ದಾ?"

"ಹೌದ್ರೀ."

"ನೀವ್ ತಿಂದ್ರೆ ಎಂತದೂ ಆತಿಲ್ಲೆ, ಗಂಟಿ ತಿಂದ್ರೆ ಸಾಯುದಾ! ಒಳ್ಳೆ ಕಥಿ." ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದರು. "ಕೊಡುಕೆ ಮನ್ಸಿಲ್ದಿದ್ರೆ ಇಲ್ಲೆ ಅಂದ್ರೆ ಆಯ್ತಪ್ಪ. ಸುಳ್ ಎಂತಕೆ?"

ನಿಜ ಹೇಳಿ ಸುಳ್ಳುಗಾರನಾಗುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಬೈಲಿನ ತುಂಬ ಸುದ್ದಿ ಹರಡಿತು: ಗದಗಿನ ಮಾಷ್ಟ್ರು ಜೋಳಕ್ಕೆ ವಿಷವಿದೆ ಎನ್ನುತ್ತಾರೆ, ಪ್ರತಿದಿನ ಅದನ್ನೇ ತಿಂದು ಜೀವಂತ ಇದ್ದಾರೆ.

ಏಪ್ರಿಲ್ ಬಂತು, ಶಾಲೆಗೆ ರಜೆ ಬಂತು, ಮಕ್ಕಳು ಕೈತಪ್ಪಿದರು. ಗದಗಿನಲ್ಲಿ ರಜೆಯೆಂದರೆ ಬಿಸಿಲಿಗೆ ಕದ ಹಾಕಿಕೊಂಡು ಫ್ಯಾನಿನ ಕೆಳಗೆ ಮಕ್ಕಳನ್ನು ಶೇಖರಿಸಿಡುವುದು. ಇಲ್ಲಿ ಗಂಗಾ ಬೆಳಿಗ್ಗೆ ಕರುವಿನ ಬಾಲ ಹಿಡಿದು ಹೊರಟರೆ ಸಂಜೆ ತುಂಗೆಯ ಹಿಂದೆಯೇ ಬರುವಳು. ನಡುವೆ ಯಾರ ಮನೆಯಲ್ಲಿ ಉಂಡಳು, ಯಾರ ಮನೆಯಲ್ಲಿ ಮಲಗಿದಳು, ಗೇರುಹಣ್ಣಿನ ಕಲೆ ಯಾರ ಮರದ್ದು ಎಂಬುದನ್ನು ವಿಚಾರಣೆಯಿಂದಲೇ ತಿಳಿಯಬೇಕು. ಹಟ್ಟಿಯಲ್ಲಿ ನಾನು ದನ ಎಣಿಸುತ್ತಿದ್ದೆ, ಶಾಂತಾ ಮಕ್ಕಳನ್ನು ಎಣಿಸುತ್ತಿದ್ದಳು. ಯಾರು ಯಾರನ್ನು ಸಾಕುತ್ತಿದ್ದಾರೆ ಎಂಬ ಬಗ್ಗೆ ನಮಗೆ ಸ್ಪಷ್ಟತೆ ಇರಲಿಲ್ಲ. ಮಕ್ಕಳಿಗೆ ಹೆಚ್ಚಾಗಿ ಊಟ ಬೀಳುತ್ತಿದ್ದದ್ದು ಗಿರಿಜಕ್ಕನ ಮನೆಯಲ್ಲೇ. ನಾವು ಮೀನು ತಿನ್ನದವರೆಂದು ಅವರು ಮಕ್ಕಳಿಗಾಗಿ ಬೇರೆ ಪಾತ್ರೆ, ಬೇರೆ ಸೌಟು ತೆಗೆದಿಟ್ಟಿದ್ದರು.

"ಯಾಕ್ರಿ ಅಕ್ಕಾ ನಿಮಗ ತ್ರಾಸು," ಎಂದು ಶಾಂತಾ ಸಂಕೋಚಪಟ್ಟರೆ, "ಮಕ್ಳನ್ನೂ ಗಂಟಿನ್ನೂ ಬೇಸಗಿಲಿ ಕಟ್ಟೂಕಾಗ," ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಗುತ್ತಲೇ, "ನಿಮ್ ಹೆಣ್ಮಕ್ಳ್ ಇಡೀ ಬೈಲ್ ಮೇಯ್ಕಂಡ್ ಬತ್ತೊ ಮಾಷ್ಟ್ರೇ. ಯಾರಾರೂ ಬೇಲಿ ಹಾಕಿದ್ರಾ?" ಎಂದರು.

ಕರಡು ತಿದ್ದುವವನಾಗಿ ಹೇಳುತ್ತೇನೆ, ಆ ವಾಕ್ಯದಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.

ಅಷ್ಟರಲ್ಲಿ ಬಾವಿಯ ನೀರು ಇಳಿಯಿತು. ಕುಡಿಯಲು, ದನಕ್ಕೆ, ಸ್ನಾನಕ್ಕೆ ಆದ ಮೇಲೆ ಜೋಳಕ್ಕೆ ಉಳಿಯುತ್ತಿದ್ದದ್ದು ಪಾತ್ರೆ ತೊಳೆದ ನೀರು. ಮೊಣಕಾಲೆತ್ತರದ ಪೈರು ಬಾಡಿ ಸುರುಟಿಕೊಂಡಿತು. ಅತ್ತ ಬೈಲಿನ ಹುಲ್ಲೂ ಒಣಗಿತು. ಇಡೀ ಬೈಲಿನಲ್ಲಿ ಹಸಿರೆಂದರೆ ನಮ್ಮ ಮೂಲೆ ಒಂದೇ. ನೀಲಾ ಹೊಲದ ಬದಿಯ ಗೇರುಮರದ ಕೊಂಬೆಯ ಮೇಲೆ ಕುಳಿತು ಕಾಯತೊಡಗಿದಳು. ಬೇಲಿಯಾಚೆ ದನಗಳು ನಿಂತು ಕಾಯತೊಡಗಿದವು. ಎರಡೂ ಕಡೆ ತಾಳ್ಮೆ ಸಮಾನವಾಗಿತ್ತು. ಆದರೆ ನೀಲಾಳಿಗೆ ಊಟಕ್ಕೆ ಹೋಗಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಊಟ ಮುಗಿಸಿ ಹೊರಗೆ ಹೋದವಳೇ ಕಿರುಚಿದಳು. "ಅಪ್ಪಾ, ಲಗೂನ ಬಾ! ಲಚ್ಚಿ ಒಳಗ ಹೊಕ್ಕೈತಿ!"

ಮಡಲಿನ ಬೇಲಿ ಮಲಗಿತ್ತು. ತುಂಬಿದ ಹೊಟ್ಟೆಯ ಲಚ್ಚಿ ನಡುಹೊಲದಲ್ಲಿ ನಿಂತು ಕಣ್ಣು ಅರೆಮುಚ್ಚಿ ಜಗಿಯುತ್ತಿತ್ತು. ಎಳೆದು ಹೊರಗೆ ತರುವಷ್ಟರಲ್ಲಿ ಬಾಯಲ್ಲಿ ನೊರೆ, ಏದುಸಿರು. ಹಿಂಗಾಲು ನಡುಗಿ ಅಂಗಳದಲ್ಲೇ ಕುಸಿಯಿತು. ಗಿರಿಜಕ್ಕ ಓಡಿ ಬಂದರು.

"ಲಚ್ಚೀ... ಅಯ್ಯೋ, ಎಂತಾಯ್ತೇ ನಿಂಗೆ? ಮಾಷ್ಟ್ರೇ, ನೀವ್ ಹೇಳದ್ ಹೌದಾ? ಸುಳ್ಳಲ್ದಾ?"

ನನ್ನ ಮಾತು ನಿಜವಾದ ಸಂದರ್ಭಗಳು ಬಾಳಿನಲ್ಲಿ ಕಡಿಮೆ. ಇದೊಂದು ಆಗದೇ ಹೋಗಿದ್ದರೆ ಚೆನ್ನಾಗಿತ್ತು. ಶಾಂತಾ ಪಶುವೈದ್ಯರಿಗೆ ಫೋನು ಮಾಡಿ, ತಿಂದದ್ದು ಜೋಳ ಎಂಬುದನ್ನು ಮೂರು ಸಲ ಹೇಳಿದಳು. ನಾನು ನಮ್ಮ ತಂದೆ ಮಾಡುತ್ತಿದ್ದುದನ್ನೇ ಮಾಡಿದೆ: ಡಬ್ಬಿಯಲ್ಲಿದ್ದ ಬೆಲ್ಲವನ್ನೆಲ್ಲ ನೀರಿನಲ್ಲಿ ಕದಡಿ, ಬಿದಿರಿನ ಗೊಟ್ಟದಿಂದ ಸ್ವಲ್ಪಸ್ವಲ್ಪವಾಗಿ ದನದ ಬಾಯಿಗೆ ಇಳಿಸಿದೆ. ಗಿರಿಜಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿ ಸವರುತ್ತಿದ್ದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹೇಳಲು ಏನಾದರೂ ಇರುತ್ತಿತ್ತು.

ವೈದ್ಯರು ಬೈಕಿನಲ್ಲಿ ಬಂದು ಸೂಜಿ ಹಾಕಿದರು. ಇನ್ನೂ ನಾಲ್ಕು ಬಾಯಿ ತಿಂದಿದ್ದರೆ ತಾನು ಬರಬೇಕಾಗಿಯೇ ಇರಲಿಲ್ಲ ಎಂದರು. ಬಿಸಿಲು ಇಳಿಯುವ ಹೊತ್ತಿಗೆ ಲಚ್ಚಿ ಎದ್ದು ನಿಂತಿತು.

"ಹೊಟ್ಟಿಲಿ ಇದ್ದದ್ದ್?" ಎಂದು ಗಿರಿಜಕ್ಕ ಕೇಳಿದರು.

"ಹುಟ್ಟಿದ ಮೇಲೆಯೇ ಹೇಳಬೇಕಷ್ಟೆ," ಎಂದರು ವೈದ್ಯರು.

ಅವರ ಬೈಕಿನ ಸದ್ದು ದೂರವಾದಾಗ ಹೊಲದ ಕಡೆಯಿಂದ ಇನ್ನೊಂದು ಸದ್ದು ಕೇಳಿಸಿತು. ನೀಲಾ ಜೋಳ ಕೀಳುತ್ತಿದ್ದಳು. ನಾನೂ ಹೋಗಿ ಕುಡುಗೋಲು ಹಾಕಿದೆ. "ಕೊಯ್ಯಬ್ಯಾಡ ಅಪ್ಪಾ," ಎಂದಳು. "ಬೇರಿನಿಂದ ಕೀಳು. ಇಲ್ಲಾಂದ್ರ ಮತ್ತ ಕುಳೆ ಚಿಗೀತೈತಿ, ಅದು ಇನ್ನೂ ಕೆಟ್ಟದ್ದು." ಹೇಳಿದ್ದು ಸರಿಯಾಗಿತ್ತು. ಮುಖ ಮಾತ್ರ ಆಚೆ ತಿರುಗಿಸಿಕೊಂಡಿದ್ದಳು.

ಗಿರಿಜಕ್ಕ ಅಂಗಳದಿಂದಲೇ ಕೂಗಿದರು. "ಹ್ವಾಯ್, ಬಿಡಿ ಮಾಷ್ಟ್ರೇ! ಬೇಲಿ ಗಟ್ಟಿ ಮಾಡುವ. ನಾನೂ ಬತ್ತೆ. ಹೆಣ್ಣ್ ಅಷ್ಟ್ ಆಸಿ ಮಾಡ್ಕಂಡಿತ್ತಲ್ದಾ!"

ನೀಲಾ ಕೈ ನಿಲ್ಲಿಸಲಿಲ್ಲ. ಕತ್ತಲಾಗುವ ಮುಂಚೆ ಹೊಲ ಬರಿದಾಯಿತು. ಕಿತ್ತದ್ದನ್ನೆಲ್ಲ ಸುಟ್ಟೆವು. ಬೇಲಿಯ ಮಡಲು ಬಚ್ಚಲೊಲೆಗೆ ಹೋಯಿತು. ಅದರಲ್ಲಿ ಕಾದ ನೀರು ಎಂದಿನಷ್ಟೇ ಬಿಸಿಯಾಗಿತ್ತು.

ಆಮೇಲಿನ ದಿನಗಳಲ್ಲಿ ನಾನು ಮತ್ತು ಗಿರಿಜಕ್ಕ ಬಿಸಿಲಿನ ಬಗ್ಗೆ, ಬಂಗುಡೆಯ ರೇಟಿನ ಬಗ್ಗೆ, ಗದಗಿನ ಗಾಳಿಯ ಬಗ್ಗೆ ಬಹಳ ಮಾತಾಡಿದೆವು. ಲಚ್ಚಿಯ ಹೊಟ್ಟೆಯ ಬಗ್ಗೆ ಇಬ್ಬರೂ ಬಾಯಿ ಬಿಡಲಿಲ್ಲ. ನೀಲಾ ಬೆಳಗಾದರೆ ಅವರ ಹಟ್ಟಿಯಲ್ಲಿರುತ್ತಿದ್ದಳು. ಲಚ್ಚಿಯ ಪಕ್ಕೆಗೆ ಕಿವಿಯಿಟ್ಟು ನಿಂತಿರುತ್ತಿದ್ದಳು.

ಮೇ ತಿಂಗಳ ಒಂದು ಬೆಳಿಗ್ಗೆ ಗಿರಿಜಕ್ಕ ತಂಬಿಗೆ ಹಿಡಿದು ನಮ್ಮ ಅಡಿಗೆಮನೆಗೇ ನೇರ ನುಗ್ಗಿದರು. "ಮಾಷ್ಟ್ರೇ, ಹೆಣ್ ಕರು! ಹುಟ್ಟಿದ್ದೇ ಎದ್ ನಿಂತ್ಕಂಡ್ ನನ್ನೇ ಗುದ್ದುಕ್ ಬತ್ತ್!" ತಂಬಿಗೆಯಲ್ಲಿ ಗಿಣ್ಣದ ಹಾಲಿತ್ತು. ಇಲ್ಲಿ ಅದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುತ್ತಾರೆ. ಮನೆಯಲ್ಲಿ ಬೆಲ್ಲ ಇರಲಿಲ್ಲ. ಲಚ್ಚಿ ಕುಡಿದ ಮೇಲೆ ತಂದಿರಲಿಲ್ಲ. ಅದನ್ನೂ ಗಿರಿಜಕ್ಕನೇ ತಂದರು. ಕರುವಿಗೆ ನೀಲಾ ಸೀತನಿ ಎಂದು ಹೆಸರಿಟ್ಟಳು. ಗಿರಿಜಕ್ಕ ಅದನ್ನು ಸೀತೆ ಎಂದು ಕರೆಯುತ್ತಾರೆ. ಕರು ಎರಡಕ್ಕೂ ಬರುವುದಿಲ್ಲ.

ಶಾಲೆ ತೆರೆಯುವ ಮೊದಲು ಮಕ್ಕಳನ್ನು ಊರಿಗೆ, ಅಣ್ಣನ ಮನೆಗೆ ಕರೆದುಕೊಂಡು ಹೋದೆ. ಬಸ್ಸಿಳಿದಾಗ ಒಣ ಗಾಳಿ ಮುಖಕ್ಕೆ ಬಡಿಯಿತು. ನೀಲಾ ಅದನ್ನು ಎದೆ ತುಂಬ ಎಳೆದುಕೊಂಡಳು. ರೊಟ್ಟಿಯನ್ನು ಲೆಕ್ಕವಿಡದೆ ತಿಂದಳು. ಸೀತನಿ ಕೇಳಿದಳು.

"ಮೇ ತಿಂಗಳದಾಗ ಸೀತನಿ ಎಲ್ಲಿಂದ ತರ್ಲೆವ್ವಾ?" ಎಂದು ಅಣ್ಣ ನಕ್ಕ. ಆ ಕಾಲ ಎಂದೋ ಮುಗಿದಿತ್ತು. ನೀಲಾ ಎರಡು ದಿನ ಖುಷಿಯಾಗಿದ್ದಳು. ಮೂರನೆಯ ದಿನ ಹಿತ್ತಲಿನಲ್ಲಿ ಗೂಟಕ್ಕೆ ಕಟ್ಟಿದ ಅಣ್ಣನ ಆಕಳ ಮುಂದೆ ಬಹಳ ಹೊತ್ತು ನಿಂತಿದ್ದಳು. ಸುತ್ತಲೂ ಹೊಲಗಳು ಕೊಯ್ಲು ಮುಗಿದು ಬಯಲಾಗಿ ಬಿದ್ದಿದ್ದವು. ಆಚೆ ಒಬ್ಬರ ಹೊಲದಲ್ಲಿ ಮಾತ್ರ ಬೋರಿನ ನೀರಿಗೆ ಮೇವು ಹಸಿರಾಗಿತ್ತು.

ಸಂಜೆ ಅಣ್ಣ ಬರಿಯ ಹಗ್ಗ ಹಿಡಿದುಕೊಂಡು ಬಂದ. "ಯಾರವ್ವಾ ಆಕಳಾ ಬಿಟ್ಟಾವ್ರು?"

ಗಂಗಾ ಅಕ್ಕನ ಮುಖ ನೋಡಿದಳು. ಆರು ತಿಂಗಳು ಕರಾವಳಿಯ ಒಂದಕ್ಷರವನ್ನೂ ಆಡದಿದ್ದ ನನ್ನ ಹಿರಿಮಗಳು, ತಿಳಿಯದವರಿಗೆ ತಿಳಿಹೇಳುವ ದನಿಯಲ್ಲಿ, ಗದಗಿನ ದೊಡ್ಡಪ್ಪನಿಗೆ ಹೇಳಿದಳು:

"ಕೊಯ್ಲ್ ಆಯ್ತಲ್ದಾ ದೊಡ್ಡಪ್ಪ, ಬಿಟ್ಟದ್."

ಅಣ್ಣನ ಆಕಳು ಕೊಂಡವಾಡದಲ್ಲಿತ್ತು.