ಜೋಗಿಮಟ್ಟಿ ಏರಿನಲ್ಲಿ ಮಾವ ಆಡಿದ ಮಾತು

ಹೆಂಡತಿ ತೀರಿಕೊಂಡ ಮೇಲೆ ನಾನು ಸೈಕಲ್ ರೇಸಿಗೆ ಹೆಸರು ಕೊಟ್ಟಿದ್ದು ಅದೇ ಮೊದಲು. ರೇಸು ಅಂದರೆ ದೊಡ್ಡದೇನಲ್ಲ. ಒಬ್ಬ ಹಲ್ಲಿನ ಡಾಕ್ಟರು, ಇಬ್ಬರು ಮೇಷ್ಟ್ರು, ಟೈರ್ ಅಂಗಡಿಯವನೊಬ್ಬ, ಹೀಗೆ ಸೈಕಲ್ ಹುಚ್ಚು ಹಿಡಿಸಿಕೊಂಡ ಒಂದಿಪ್ಪತ್ತು ಜನ ವರ್ಷಕ್ಕೊಮ್ಮೆ ನಡೆಸಿಕೊಳ್ಳುವ ಎರಡು ದಿನದ ಆಟ. ಶನಿವಾರ ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗ. ಭಾನುವಾರ ಹೊಸದುರ್ಗದಿಂದ ಮಾರಿಕಣಿವೆ, ಹಿರಿಯೂರು ದಾಟಿ ವಾಪಸ್ ದುರ್ಗ, ಕಡೆಗೆ ಜೋಗಿಮಟ್ಟಿ ಬೆಟ್ಟ. ಎರಡು ದಿನದ ಹೊತ್ತು ಕೂಡಿಸಿ ಗೆದ್ದವರು ಯಾರೆಂದು ಹೇಳುತ್ತಾರಾದರೂ ಎಲ್ಲ ತೀರ್ಮಾನವಾಗುವುದು ಆ ಬೆಟ್ಟದ ಏರಿನಲ್ಲೇ.

ನಾನು ದುರ್ಗದ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುವವನು. ಅವಳಿದ್ದಾಗ ಪ್ರತಿ ರೇಸಿನಲ್ಲೂ ನನ್ನ ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದಳು. ಬಾಳೆಹಣ್ಣು, ಉಪ್ಪು ಸಕ್ಕರೆ ಹಾಕಿದ ನಿಂಬೆಹಣ್ಣಿನ ನೀರು ಎಲ್ಲ ಅವಳ ಬಳಿಯೇ. ಏರು ಬಂದ ಕಡೆ ಪಕ್ಕಕ್ಕೆ ಬಂದು, "ತುಳೀರಿ, ತುಳೀರಿ, ಎಮ್ಮೆ ಹಂಗೆ ನಿಂತ್ಕಬ್ಯಾಡ್ರಿ" ಎಂದು ಕೂಗುತ್ತಿದ್ದಳು. ಉಳಿದವರು ಏದುಸಿರಿನಲ್ಲೂ ನಗುತ್ತಿದ್ದರು.

ಹಿಂದಿನ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಜ್ವರ ಬಂತು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ನಮಗೆ ಮಕ್ಕಳಿರಲಿಲ್ಲ. ನನ್ನ ಅಪ್ಪ ಅಮ್ಮ ಎಂದೋ ಇಲ್ಲವಾಗಿದ್ದರು. ಹೋಗಿ ಕೂರಲು ನನಗೆ ಉಳಿದದ್ದು ಚಿಕ್ಕಜಾಜೂರಿನ ಅವಳ ತವರುಮನೆ ಒಂದೇ. ಎರಡು ವಾರಕ್ಕೊಮ್ಮೆ ಭಾನುವಾರ ಹೋಗುತ್ತಿದ್ದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಮಾವ ಟಿ.ವಿ. ಹಾಕುತ್ತಿದ್ದರು. ಮೂವರಿಗೂ ಮಾತು ಕಡಿಮೆ. ಆದರೂ ಆ ಜಗಲಿಯ ಮೇಲೆ ಕೂತರೆ ನನ್ನ ಉಸಿರು ಸಲೀಸಾಗುತ್ತಿತ್ತು. ಅವರಿಗೂ ಹಾಗೇ ಇರಬೇಕು ಅಂದುಕೊಂಡಿದ್ದೆ.

ಆ ಶನಿವಾರ ಹೊಳಲ್ಕೆರೆ ಸರ್ಕಲ್ ಬಳಿ ಬಂದಾಗ ರಸ್ತೆಯ ಪಕ್ಕದಲ್ಲಿ ಮಾವ ನಿಂತಿದ್ದರು. ಹಳೆಯ ಮೊಪೆಡ್ಡು, ತಲೆಗೆ ಟವೆಲ್, ಅದರ ಮೇಲೆ ಹೆಲ್ಮೆಟ್ಟು. ರೈಲ್ವೆಯಲ್ಲಿ ಗೇಟ್ ಕಾಯುವ ಕೆಲಸ ಮಾಡಿ ನಿವೃತ್ತರಾದವರು. ಬರುತ್ತೇನೆಂದು ನನಗೆ ಹೇಳಿರಲಿಲ್ಲ.

"ಇದೇನ್ ಮಾವ, ನೀವಿಲ್ಲಿ?"

"ಅವಳಿದ್ದಿದ್ರೆ ಬರ್ತಿದ್ಲಲ್ರಿ. ಹಿಂದೆ ಯಾರೂ ಇಲ್ದಂಗೆ ಹೆಂಗ್ ಹೋಗ್ತೀರಿ? ನಡೀರಿ ನಡೀರಿ, ಅವ್ರೆಲ್ಲ ಮುಂದಕ್ಕೋದ್ರು."

ತಲೆ ತಗ್ಗಿಸಿ ತುಳಿದೆ.

ಹೊಳಲ್ಕೆರೆ ದಾಟಿದ ಮೇಲೆ ಬಯಲು ಬಿಚ್ಚಿಕೊಂಡು ಎದುರುಗಾಳಿ ಶುರುವಾಯಿತು. ಗುಂಪಿನ ಜೊತೆಗಿದ್ದರೆ ಒಬ್ಬರ ಮರೆಯಲ್ಲಿ ಒಬ್ಬರು ಗಾಳಿ ತಪ್ಪಿಸಿಕೊಳ್ಳಬಹುದು. ನಾನು ಗುಂಪಿನಿಂದ ಕಳಚಿಕೊಂಡಿದ್ದೆ. ಒಂದು ವರ್ಷ ಸರಿಯಾಗಿ ಸೈಕಲ್ ಮುಟ್ಟದವನ ಕಾಲು ಎಷ್ಟೆಂದು ತುಳಿದೀತು? ಮಾವ ಸ್ವಲ್ಪ ಹೊತ್ತು ಹಿಂದಿನಿಂದ ನೋಡಿದರು. ಆಮೇಲೆ ಮೊಪೆಡ್ಡನ್ನು ನನ್ನ ಮುಂದಕ್ಕೆ ತಂದು, ಶರಟನ್ನು ಉಬ್ಬಿಸಿಕೊಂಡು ಗಾಳಿಗೆ ಅಡ್ಡವಾಗಿ ಹೋಗತೊಡಗಿದರು.

"ಮಾವ, ಹಂಗ್ ಮಾಡಬಾರದು. ಅದು ಮೋಸ."

"ಯಾರ್ ನೋಡ್ತಾರ್ ಬಿಡ್ರಿ ಇಲ್ಲಿ."

"ನಾನೇ ನೋಡ್ತಿದೀನಲ್ಲ."

ಮಾವ ನಕ್ಕು ಹಿಂದೆ ಸರಿದರು. ಅವಳು ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊಸದುರ್ಗದಲ್ಲಿ ಒಂದು ಕಲ್ಯಾಣ ಮಂಟಪದಲ್ಲಿ ನಮಗೆ ಉಳಿಯುವ ವ್ಯವಸ್ಥೆ ಇತ್ತು. ಮಾವನೂ ಉಳಿದರು. ಎಲ್ಲರೂ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಹಗಲಿನ ಕಥೆ ಹೇಳಿಕೊಂಡು ನಗುತ್ತಿದ್ದಾಗ ಮಾವ ಮೂಲೆಯಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚಿದರು. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ.

"ಅತ್ತೆ ಕಟ್ಟಿದ್ದಾ?"

"ಹೂಂ. ಬೆಳಗ್ಗೆ ಬೇಗ ಎದ್ದು ಮಾಡಿದ್ಲು. ಉಣ್ರಿ."

ಉಂಡೆವು. ಕೈ ತೊಳೆದು ಬಂದ ಮೇಲೆ ಮಾವ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೂತರು.

"ಒಂದ್ ಮಾತು ಹೇಳ್ಬೇಕಿತ್ತು, ಅಳಿಯಂದ್ರೇ."

"ಹೇಳ್ರಿ ಮಾವ."

"ಈಗ್ ಬ್ಯಾಡ. ದಣಿದಿದೀರಿ. ನಾಳೆ ಹೇಳ್ತೀನಿ, ಮಲಿಕ್ಕಳ್ರಿ."

ಅದು ಯಾವ ಮಾತೆಂದು ನನಗೆ ಗೊತ್ತಿದೆ ಅಂದುಕೊಂಡೆ. ವರ್ಷ ತುಂಬುತ್ತ ಬಂದಿತ್ತು. ಇನ್ನೊಂದು ಮದುವೆ ಮಾಡಿಕೊಳ್ಳಿ ಅನ್ನುತ್ತಾರೆ. ಬೇರೆ ಎಷ್ಟೋ ಜನ ಆಗಲೇ ಅಂದಿದ್ದರು. ಮಾವನ ಮನಸ್ಸು ನೋಯದಂತೆ ಹೇಗೆ ಬೇಡವೆನ್ನುವುದು ಎಂದು ಮಲಗಿಕೊಂಡೇ ಮಾತು ಜೋಡಿಸಿದೆ.

ಭಾನುವಾರ ನನ್ನ ಕಾಲು ಯಾಕೋ ಹಗುರಾಗಿತ್ತು. ಮಾರಿಕಣಿವೆ ಹಿನ್ನೀರಿನ ಪಕ್ಕ ತಂಪು ಗಾಳಿ. ಹಿರಿಯೂರಿನವರೆಗೂ ಗುಂಪಿನ ಜೊತೆಗೇ ಇದ್ದೆ. ಅಲ್ಲಿಂದ ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಲಾರಿಗಳ ಧೂಳು ಕುಡಿಯುತ್ತ ದುರ್ಗಕ್ಕೆ ಬಂದೆವು. ಹಿಂದೆ ಮೊಪೆಡ್ಡಿನ ಪಟಪಟ ನಿಲ್ಲಲೇ ಇಲ್ಲ. ಜೋಗಿಮಟ್ಟಿ ಬುಡದ ಅರಣ್ಯ ಇಲಾಖೆಯ ಗೇಟಿನಲ್ಲಿ ಸಂಘಟಕರು ಮಾವನನ್ನೂ ಒಳಗೆ ಬಿಡಿಸಿದರು.

ಏರಿನ ಮೊದಲ ತಿರುವುಗಳಲ್ಲೇ ಮೇಷ್ಟ್ರಿಬ್ಬರು ಹಿಂದುಳಿದರು. ನನ್ನ ಮುಂದೆ ನಾಲ್ಕೈದು ಜನರಷ್ಟೇ ಇದ್ದರು. ಮೇಲೆ ಗಾಳಿಯಂತ್ರಗಳ ರೆಕ್ಕೆ ಕಾಣಲು ಶುರುವಾದಾಗ ಇನ್ನೊಬ್ಬನನ್ನು ದಾಟಿದೆ. ಎದೆ ಒಡೆಯುವ ಹಾಗಿತ್ತು, ಆದರೆ ಸುಖವೂ ಇತ್ತು. ಎಷ್ಟೋ ತಿಂಗಳ ಮೇಲೆ ನನಗೆ ಏನೋ ಬೇಕು ಅನ್ನಿಸಿತ್ತು. ಆ ಹೊತ್ತಿನಲ್ಲಿ ಹಿಂದೆ ಮೊಪೆಡ್ಡಿನ ಸದ್ದಿಲ್ಲವೆಂಬುದು ತಿಳಿಯಿತು.

ಒಂದು ತಿರುವು ಕಾದೆ. ಸದ್ದು ಬರಲಿಲ್ಲ. ಎಪ್ಪತ್ತು ದಾಟಿದ ಮನುಷ್ಯ. ಸೈಕಲ್ ತಿರುಗಿಸಿದೆ.

ಮಾವ ಎರಡು ತಿರುವು ಕೆಳಗೆ ತಡೆಗೋಡೆಯ ಕಲ್ಲಿನ ಮೇಲೆ ಕೂತಿದ್ದರು. ಎಂಜಿನ್ ಬಿಸಿಯಾಗಿ ಮೊಪೆಡ್ಡು ನಿಂತುಬಿಟ್ಟಿತ್ತು. ಅದನ್ನು ಒಂದಷ್ಟು ದೂರ ತಳ್ಳಿಕೊಂಡು ಬಂದು ಅವರಿಗೆ ಮೇಲುಸಿರು. ನನ್ನನ್ನು ಕಂಡದ್ದೇ ಎದ್ದು ನಿಂತರು.

"ಯಾಕ್ರಿ ಇಳಿದು ಬಂದ್ರಿ? ಗೆಲ್ತಿದ್ರಲ್ರಿ!"

"ಗೆಲ್ತಿರ್ಲಿಲ್ಲ ಮಾವ. ಕುಂತ್ಕಳ್ರಿ, ನೀರ್ ಕುಡೀರಿ."

ಕೂತೆವು. ಹಿಂದುಳಿದಿದ್ದ ಮೇಷ್ಟ್ರೂ ಉಳಿದವರೂ ಒಬ್ಬೊಬ್ಬರಾಗಿ ನಮ್ಮನ್ನು ದಾಟಿ ಹೋದರು. ಮಾವ ಬಾಟಲಿ ಮುಚ್ಚಿ, ರಸ್ತೆ ನೋಡುತ್ತ ಹೇಳಿದರು.

"ನಿಮ್ಮತ್ತೆ ಹೇಳಿ ಕಳ್ಸಿದಾಳ್ರಿ. ನೀವು ಇನ್ನ ಸ್ವಲ್ಪ ದಿನ ಮನೆ ಕಡೆ ಬರಬ್ಯಾಡ್ರಿ ಅಂತ."

ನನಗೆ ಅರ್ಥವಾಗಲಿಲ್ಲ. ಇಡೀ ರಾತ್ರಿ ಜೋಡಿಸಿದ್ದ ಮಾತು ಯಾವುದೂ ಇದಕ್ಕೆ ಉತ್ತರವಾಗಿರಲಿಲ್ಲ.

"ನಾನೇನಾದ್ರೂ ತಪ್ಪು ಮಾಡಿದ್ನಾ ಮಾವ?"

"ಅಯ್ಯೋ, ಇಲ್ರೀ. ನೀವು ಬಂದು ಬಾಗಿಲಾಗೆ ನಿಂತ್ರೆ ಆಕಿ ನಿಮ್ಮ ಹಿಂದಕ್ಕೆ ನೋಡ್ತಾಳೆ. ಪ್ರತಿ ಸಲ ನೋಡ್ತಾಳೆ. ನಿಮ್ಮೆದುರಿಗೆ ಏನೂ ತೋರ್ಸಲ್ಲ, ನಗ್ತಾಳೆ, ಉಣ್ಣಾಕಿಕ್ತಾಳೆ. ನೀವು ಹೋದ್ ಮ್ಯಾಲೆ ಹಾಸಿಗೆ ಹಿಡೀತಾಳೆ. ಅನ್ನ ಮುಟ್ಟಲ್ಲ. ಆಕಿ ಏಳೋ ಹೊತ್ತಿಗೆ ನೀವು ಮತ್ತೆ ಬರೋ ವಾರ ಆಗಿರ್ತೈತೆ."

ಕೆಳಗೆ ದುರ್ಗದ ಊರು ಬಿಸಿಲಿನಲ್ಲಿ ಬಿಳಿಚಿಕೊಂಡು ಕಾಣುತ್ತಿತ್ತು. ಅದರಲ್ಲಿ ನನ್ನ ಬಾಡಿಗೆ ಮನೆ ಎಲ್ಲಿದೆಯೆಂದು ನಾನು ಹುಡುಕಿದೆ.

"ನಿಮಗೆ ಹೆಂಗೆ ಮಾವ, ನಾನು ಬಂದ್ರೆ?"

"ನಂಗಾ?" ಎಂದು ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನೀವು ಬರ್ತೀರಂದ್ರೆ ಹಿಂದಿನ್ ದಿನದಿಂದ್ಲೇ ರಸ್ತೆ ನೋಡ್ತಿರ್ತೀನಿ. ಆದ್ರೆ ಆಕಿ ಹೆತ್ತೋಳಲ್ವೇನ್ರಿ."

ನನಗೆ ಸಿಟ್ಟು ಬಂತು. ನನಗೂ ಅವಳೇ ಅಲ್ಲವೇ ಹೋದದ್ದು, ನಾನೆಲ್ಲಿಗೆ ಹೋಗಿ ಕೂರಲಿ ಎಂದು ಕೂಗಬೇಕೆನ್ನಿಸಿತು. ಯಾರ ಮೇಲೆ ಕೂಗುವುದು? ಈ ಒಂದು ಮಾತು ಹೇಳಲಾರದೆ ಎರಡು ದಿನ ಬಿಸಿಲಿನಲ್ಲಿ ನನ್ನ ಹಿಂದೆ ಅಲೆದ ಈ ಮನುಷ್ಯನ ಮೇಲೆಯೇ?

"ಆಯ್ತು ಮಾವ. ಬರಲ್ಲ ಅಂತ ಹೇಳ್ರಿ," ಎಂದೆ.

ಅವರು ನನ್ನ ಬೆನ್ನ ಮೇಲೆ ಕೈಯಿಟ್ಟರು. ಬೆವರಿಗೆ ಅಂಗಿ ಒದ್ದೆಯಾಗಿತ್ತು, ಆದರೂ ಕೈ ತೆಗೆಯಲಿಲ್ಲ. ಇಬ್ಬರೂ ಅತ್ತೆವು. ಆಮೇಲೆ ಅವರೇ, "ಏಳ್ರಿ, ಇಷ್ಟು ಬಂದು ಅರ್ಧಕ್ಕೆ ಬಿಡಬ್ಯಾಡ್ರಿ. ನಾನಿಲ್ಲೇ ಇರ್ತೀನಿ," ಎಂದು ಎಬ್ಬಿಸಿದರು.

ನಾನು ಮೇಲೆ ಮುಟ್ಟಿದಾಗ ಬ್ಯಾನರ್ ಬಿಚ್ಚುತ್ತಿದ್ದರು. ಹಲ್ಲಿನ ಡಾಕ್ಟರು ಗೆದ್ದಿದ್ದರು. ಯಾರೋ ಕೈಗೆ ಎಳನೀರು ಕೊಟ್ಟರು. ಕುಡಿಯದೆ ಇಳಿದು ಬಂದೆ. ಇಳಿಜಾರಿನಲ್ಲಿ ಮೊಪೆಡ್ಡಿಗೆ ಎಂಜಿನ್ ಬೇಕಿರಲಿಲ್ಲ. ಪಕ್ಕಪಕ್ಕದಲ್ಲೇ ಇಬ್ಬರೂ ಬ್ರೇಕು ಹಿಡಿದುಕೊಂಡು ಮೆಲ್ಲಗೆ ಊರಿಗೆ ಇಳಿದೆವು. ಮೆಕ್ಯಾನಿಕ್ಕಿನ ಬಳಿ ಗಾಡಿ ರಿಪೇರಿಯಾಗುವವರೆಗೆ ಬೆಂಚಿನ ಮೇಲೆ ಕೂತು ಚಹಾ ಕುಡಿದೆವು. ಹೊರಡುವಾಗ ಮಾವ, "ಬರ್ರಿ..." ಎಂದು ರೂಢಿಯಂತೆ ಶುರುಮಾಡಿ, ಅರ್ಧಕ್ಕೇ ನಿಲ್ಲಿಸಿ, "ಹುಷಾರಾಗಿರ್ರಿ" ಎಂದರು.

ಅಂದಿನಿಂದ ನಾನು ಚಿಕ್ಕಜಾಜೂರಿಗೆ ಹೋಗಿಲ್ಲ. ಮೊದಲ ಕೆಲವು ಭಾನುವಾರಗಳು ಕಷ್ಟವಾದವು. ಬೆಳಗ್ಗೆ ಎದ್ದು ತಯಾರಾಗಿ, ಎಲ್ಲಿಗೂ ಹೋಗದೆ ಮಂಚದ ಮೇಲೆ ಕೂತಿರುತ್ತಿದ್ದೆ. ಈಗ ತಿಂಗಳಿಗೊಮ್ಮೆ ಮಾವ ಹೊಳಲ್ಕೆರೆಗೆ ಬರುತ್ತಾರೆ, ನಾನೂ ಹೋಗುತ್ತೇನೆ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ದೋಸೆ ತಿಂದು, ಮಳೆ ಬೆಳೆ ಮಾತಾಡಿ, ನಮ್ಮ ನಮ್ಮ ಬಸ್ಸು ಹತ್ತುತ್ತೇವೆ. ಅತ್ತೆ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರಂತೆ, ಅಕ್ಕಪಕ್ಕದ ಮನೆಗೂ ಹೋಗಿ ಬರುತ್ತಾರಂತೆ. ಕೇಳಿ ಸಮಾಧಾನವಾಗುತ್ತದೆ. ನಾನು ಹೋಗದೆ ಇರುವುದರಿಂದಲೇ ಅವರು ಚೇತರಿಸಿಕೊಂಡರೆಂಬುದು ಹೊಟ್ಟೆಯೊಳಗೆ ಕಲ್ಲಿನ ಹಾಗೆ ಕೂತೂ ಇರುತ್ತದೆ. ಬರಲಿ ಎಂದು ಅತ್ತೆ ಇನ್ನೂ ಹೇಳಿ ಕಳಿಸಿಲ್ಲ. ನಾನೂ ಕೇಳಿಲ್ಲ.