ಒಂದೂವರೆ ಅಡಿ ಕೊಳವೆಯೊಂದಿಗೆ ಬಿಂಡಿಗನವಿಲೆಗೆ

ಬೆಳಿಗ್ಗೆ ಏಳೂವರೆಗೆ ಶ್ರೀರಂಗಪಟ್ಟಣದಲ್ಲಿ ಪಾಂಡವಪುರದ ಬಸ್ಸು ಹತ್ತಿದೆ. ಆರಂಭ ಇದೇ ಎನ್ನುವುದು ಬರವಣಿಗೆಯ ಅನುಕೂಲಕ್ಕೆ. ನಿಜವಾಗಿ ಈ ಪ್ರಯಾಣ ಒಂದು ತಿಂಗಳ ಹಿಂದೆ, ಬಿಂಡಿಗನವಿಲೆಯಲ್ಲಿ ನನ್ನ ಅಣ್ಣ ಶಿವಣ್ಣನ ಅಂಗಳದಲ್ಲಿ ಶುರುವಾಗಿತ್ತು.

ಅಣ್ಣನದು ಮೋಟಾರು ವೈಂಡಿಂಗ್ ಅಂಗಡಿ. ಎರಡು ವರ್ಷದ ಹಿಂದೆ ತೆಂಗಿನ ಮರದಿಂದ ಬಿದ್ದು ಬೆನ್ನಿಗೆ ರಾಡು ಹಾಕಿಸಿಕೊಂಡ. ಅಲ್ಲಿಂದೀಚೆಗೆ ಬಗ್ಗಲಾರ. ಆಕಾಶ ನೋಡಲು ಅವನು ಇಟ್ಟುಕೊಂಡಿದ್ದ ಉದ್ದನೆಯ ದೂರದರ್ಶಕವನ್ನು ನೆತ್ತಿಯ ಕಡೆಗೆ ಎತ್ತಿದರೆ ಕಣ್ಣಿಡುವ ತುದಿ ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತಿತ್ತು. ನಾವು ನೆಲಕ್ಕೆ ಕೂತು ಚಂದ್ರನನ್ನು ನೋಡುತ್ತಿದ್ದೆವು, ಅವನು ನಿಂತು ನಮ್ಮನ್ನು ನೋಡುತ್ತಿದ್ದ. ಸ್ಟ್ಯಾಂಡಿನ ಮೂರು ಕಾಲಿಗೂ ಇಟ್ಟಿಗೆ ಪೇರಿಸಿ ನೋಡಿದೆವು. ಪಕ್ಕದಲ್ಲಿ ಯಾರಾದರೂ ನಡೆದರೆ ಚಂದ್ರ ನಡುಗುತ್ತಿದ್ದ. ಕೊನೆಗೆ ಅಣ್ಣ ಅದನ್ನು ಮಾರುವುದೆಂದು ಮಾತು ಕೊಟ್ಟ. ಮಂಡ್ಯದವರೊಬ್ಬರು ಭಾನುವಾರ ಬಂದು ಒಯ್ಯುವವರಿದ್ದರು. ನಾನು ಹೊರಟದ್ದು ಶುಕ್ರವಾರ.

ನನ್ನ ಯೋಚನೆ ಸರಳವಾಗಿತ್ತು. ಸ್ಟ್ಯಾಂಡಿಗೂ ದೂರದರ್ಶಕವನ್ನು ಹಿಡಿದು ತಿರುಗಿಸುವ ಮೌಂಟಿಗೂ ನಡುವೆ ಒಂದೂವರೆ ಅಡಿಯ ಕಬ್ಬಿಣದ ಕೊಳವೆ ಕೂರಿಸಿದರೆ ಎಲ್ಲವೂ ಅಷ್ಟು ಮೇಲೇಳುತ್ತದೆ. ಕುರ್ಚಿಯಲ್ಲಿ ನೆಟ್ಟಗೆ ಕೂತವನ ಕಣ್ಣಿಗೆ ಸಿಗುತ್ತದೆ. ಮೌಂಟನ್ನು ಕಳೆದ ಸಲವೇ ತಂದಿಟ್ಟುಕೊಂಡಿದ್ದೆ. ಸ್ಟ್ಯಾಂಡಿನ ಭಾರ ಹೊರಲಾರದೆ, ಅದರ ತಲೆಯ ತೂತಿನ ಅಳತೆಯನ್ನು ಮಾತ್ರ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಮಾಡಿಕೊಂಡು ಬಂದಿದ್ದೆ.

ಬಸ್ಸಿನಲ್ಲಿ ಕಂಡಕ್ಟರ್ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟು ಮೌಂಟು ತುಂಬಿದ ನನ್ನ ಚೀಲವನ್ನು ಕಾಲಿನಿಂದ ಮುಟ್ಟಿ ನೋಡಿದ.

“ನಿಮ್ಗೇನೋ ಫ್ರೀ. ಈ ಕಬ್ಬಿಣುಕ್ಕೆ?”

“ತೊಡೆ ಮೇಲೆ ಇಟ್ಕತೀನಿ ಬಿಡಪ್ಪ.”

“ತೊಡೆ ಮೇಲಾದ್ರೆ ಮಗು ಅಂತ ಆಫ್ ಟಿಕೇಟ್ ಅರೀಬೇಕಾಯ್ತದೆ, ನೋಡಿ,” ಎಂದು ನಗುತ್ತ ಮುಂದೆ ಹೋದ. ಲಗೇಜಿಗೆ ಹಣ ಕೇಳಲಿಲ್ಲ. ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು. ಹತ್ತು ಚಿಲ್ಲರೆ ಕಿಲೋಮೀಟರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಪಾಂಡವಪುರದಲ್ಲಿ ಇಡ್ಲಿ ತಿಂದು ನಂಜುಂಡಣ್ಣನ ಲೇತ್ ಅಂಗಡಿಗೆ ಹೋದೆ. ಆಲೆಮನೆಗಳ ಗಾಣದ ರಿಪೇರಿಗೆ ಸುತ್ತಲ ಊರಿನವರೆಲ್ಲ ಅವರ ಹತ್ತಿರವೇ ಬರುತ್ತಾರೆ. ಅವರು ಮೌಂಟನ್ನು ಎತ್ತಿ, ತಿರುವಿ, ಮೂಸಿಯೂ ನೋಡಿದರು.

“ಇದ್ಯಾವ ಮಿಸನ್ನವ್ವಾ? ಏನ್ ಅರೀತದೆ?”

“ಏನೂ ಅರೆಯಲ್ಲ. ಚಂದ್ರನ್ನ ನೋಡೋದಕ್ಕೆ.”

“ಅಷ್ಟುಕ್ಕೆ ಇಷ್ಟು ತೂಕ್ವಾ?” ಎಂದು ಹುಡುಕಾಡಿ ದಪ್ಪ ಗೋಡೆಯ ಹಳೆಯ ಪೈಪೊಂದನ್ನು ತೆಗೆದರು. ಒಂದೂವರೆ ಗಂಟೆ ಕೆಲಸ. ಮೇಲಿನ ತುದಿ ಮೌಂಟಿಗೆ ಬಾಟಲಿಯ ಬಿರಡೆಯಂತೆ ಕೂತಿತು. ಕೆಳತುದಿಯನ್ನು ಕ್ಯಾಲೆಂಡರಿನ ಅಳತೆಗೆ ಲೇತಿನಲ್ಲಿ ತಿರುಗಿಸಿ ಹೆರೆದು ಹೇಳಿದರು: “ಕೆಳ್ಗಡೆ ವಸಿ ಸಡ್ಲ ಬುಟ್ಟಿವ್ನಿ. ಬಿಗಿಯಾಗ್ಬುಟ್ರೆ ಬಿಸಿಗೆ ಇಗ್ಗಿ ಕಚ್ಕಬುಡ್ತದೆ. ಆಮೇಲೆ ಬಿಚ್ಚಾಕೆ ಆಗಾಕಿಲ್ಲ.”

ಆಗಲೇ ನನಗೆ ಅನುಮಾನ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ಬರಲಿಲ್ಲ. ತಲೆಯಾಡಿಸಿ, ಅವರು ಕೇಳಿದಷ್ಟು ಕೊಟ್ಟು ಹೊರಟೆ.

ಕೊಳವೆಯನ್ನು ಸ್ಟ್ಯಾಂಡಿಗೆ ಬಿಗಿಯುವ ಉದ್ದನೆಯ ಬೋಲ್ಟು ಪಾಂಡವಪುರದಲ್ಲಿ ಸಿಗಲಿಲ್ಲ. ಕೆ.ಆರ್. ಪೇಟೆಯಲ್ಲಿ ಸಿಗಬಹುದೆಂದರು. ನೇರವಾಗಿ ನಾಗಮಂಗಲಕ್ಕೆ ಹೋಗಬೇಕಾದವಳು ಹೀಗೆ ಸುತ್ತಿ ಹೋದೆ. ದಾರಿಯಲ್ಲಿ ತೊಣ್ಣೂರಿನ ಕೆರೆ ಹೊಳೆಯುತ್ತಿತ್ತು ಎಂದು ಟಿಪ್ಪಣಿಯಲ್ಲಿದೆ. ಆ ರಸ್ತೆಯಿಂದ ಕೆರೆ ಕಾಣುವುದಿಲ್ಲವೆಂದು ಈಗ ಅನ್ನಿಸುತ್ತಿದೆ. ಬೇರೆ ಯಾವುದೋ ದಿನದ ನೀರು ಈ ದಿನಕ್ಕೆ ಹರಿದು ಬಂದಿರಬೇಕು. ಹೊಡೆದು ಹಾಕದೆ ಬಿಟ್ಟಿದ್ದೇನೆ.

ಕೆ.ಆರ್. ಪೇಟೆಯ ಮೂರನೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬೋಲ್ಟು ಸಿಕ್ಕಿತು. ಮೆಸ್ಸಿನಲ್ಲಿ ಮುದ್ದೆ, ಬಸ್ಸಾರು ಊಟ ಮಾಡಿದೆ. ನಾಗಮಂಗಲ ತಲುಪಿದಾಗ ಮೂರು ದಾಟಿತ್ತು. ಬಿಂಡಿಗನವಿಲೆಯ ಬಸ್ಸಿಗೆ ಐವತ್ತು ನಿಮಿಷ ಕಾದೆ. ಬಿಸಿಲು ಚುರುಕಾಗಿತ್ತು, ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿಟ್ಟಿದ್ದ ಕೊಳವೆ ಮುಟ್ಟಲಾರದಷ್ಟು ಕಾದಿತ್ತು. ನಂಜುಂಡಣ್ಣ ಹೇಳಿದ್ದು ನಿಜವೇ ಎಂದುಕೊಂಡೆ.

ಐದಕ್ಕೆ ಅಣ್ಣನ ಮನೆ. ಅಂಗಡಿಯ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದ. ಈಗ ಅವನು ನಿಲ್ಲುವುದೇ ಹಾಗೆ, ಯಾರೋ ಫೋಟೋ ತೆಗೆಯುತ್ತಿರುವಂತೆ.

“ಬಂದ್ಯಾ ಅಮ್ಮಿ? ಅದೇನದು, ಒನಕೆ ತಂದವ್ಳೆ!” ಎಂದು ಒಳಗಿದ್ದ ಅತ್ತಿಗೆಗೆ ಕೇಳುವಂತೆ ಕೂಗಿದ.

ಆರಕ್ಕೆ ಜೋಡಣೆ ಮುಗಿಯಿತು. ಅರ್ಧ ಚಂದ್ರ ನೆತ್ತಿಯ ಹತ್ತಿರವೇ ಇದ್ದ. ಅತ್ತಿಗೆ ಕುರ್ಚಿ ತಂದಿಟ್ಟರು. ಅಣ್ಣ ಕೂತ. ಕಣ್ಣಿನ ಮಟ್ಟ ಸರಿಯಾಗಿತ್ತು. ಅವನು ಬೆರಳಿನಿಂದ ತಿರುಪು ತಿರುಗಿಸಿ ಚಂದ್ರನನ್ನು ಸ್ಪಷ್ಟ ಮಾಡಿಕೊಳ್ಳಲು ಹೋದ, ಕೊಳವೆ ಕೆಳಗಡೆ ಕಟಕ್ಕೆಂದಿತು.

“ಕುಣೀತಾವ್ನೆ ಕಣಮ್ಮಿ. ಇಟ್ಟಿಗೇನೇ ವಾಸಿ.” ಕಣ್ಣು ತೆಗೆದ. “ಬುಡು ಅತ್ಲಾಗೆ. ಭಾನ್ವಾರ ಅವ್ರು ಬತ್ತಾರೆ, ತಕ ಓಯ್ತಾರೆ.”

ಅಣ್ಣ ಏಳಲು ಕುರ್ಚಿಯ ಕೈ ಹಿಡಿದವನು ಏಳಲಿಲ್ಲ. ಇನ್ನೊಂದು ಕೈಯಿಂದ ಕೊಳವೆಯನ್ನು ತಳ್ಳಿ, ಬಿಟ್ಟು, ಕಿವಿ ಕೊಟ್ಟ.

“ಮ್ಯಾಲೆ ಗಟ್ಟಿಯಾಗೈತೆ. ಕೆಳ್ಗೇ ಸಡ್ಲ. ಯಾರು ತಿರುಗ್ಸಿದ್ದು?”

“ಪಾಂಡವಪುರದಲ್ಲಿ. ಗಾಣದ ಕೆಲಸ ಮಾಡೋರು.”

ಅಣ್ಣ ಬೆನ್ನು ನೋಯುವಷ್ಟು ನಕ್ಕ. “ಅದುಕ್ಕೇ ಮತ್ತೆ! ಅವ್ರ ಕೈಲಿ ಉಂಗ್ರ ಮಾಡ್ಸುದ್ರೂ ಎಲ್ಡು ಬೆರ್ಳು ತೂರ್ಬೋದು.” ಆಮೇಲೆ ಅತ್ತಿಗೆಯ ಕಡೆ ತಿರುಗಿ, “ಅಂಗ್ಡೀಲಿ ಬಿಳೀ ಪೇಪರ್ ಸುರುಳಿ ಐತಲ್ಲ, ತಕಬಾ,” ಎಂದ.

ಅದು ಮೋಟಾರಿನ ಒಳಗೆ ತಂತಿ ಸುತ್ತುವ ಮೊದಲು ಹಾಸುವ ಗಟ್ಟಿ ಹಾಳೆ. ಎಲ್ಲವನ್ನೂ ಬಿಚ್ಚಿ ಕೊಳವೆಯ ಕೆಳತುದಿಗೆ ಒಂದು ಸುತ್ತು ಹಾಕಿದೆ: ಇನ್ನೂ ಅಲುಗಾಡಿತು. ಎರಡು ಸುತ್ತು ಹಾಕಿದರೆ ತೂತಿನೊಳಗೆ ಇಳಿಯಲೇ ಇಲ್ಲ. ಒಂದೇ ಸುತ್ತು ಉಳಿಸಿ, ಅದರ ಮೇಲೊಂದು ತೆಳು ಹಾಳೆ ಸುತ್ತಲು ಅಣ್ಣ ಹೇಳಿದ. ಬಗ್ಗಲಾರದವನು ಕುರ್ಚಿಯಲ್ಲೇ ಕೂತು ಬಾಯಲ್ಲೇ ಕೆಲಸ ಮಾಡಿಸಿದ. “ಏಟು ಆಕಮ್ಮಿ, ಅದೇನ್ ಎಳೇ ಮಗೂನಾ?” ಮರದ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದೆ. ಬೋಲ್ಟು ಬಿಗಿದೆ. ಮೌಂಟು, ದೂರದರ್ಶಕ ಎಲ್ಲವನ್ನೂ ಮತ್ತೆ ಏರಿಸುವಾಗ ಬೀದಿ ದೀಪ ಹತ್ತಿಕೊಂಡಿತು.

ಈ ಸಲ ಅಣ್ಣ ಕಣ್ಣಿಟ್ಟು ಕೂತೇ ಬಿಟ್ಟ. ಬೆನ್ನು ಗೋಡೆಯಂತೆ ನೆಟ್ಟಗೆ, ತಲೆ ಮಾತ್ರ ತುಸು ಮುಂದೆ. ಬೇಕೆಂದೇ ಅವನ ಸುತ್ತ ಎರಡು ಸಲ ನಡೆದೆ. ಅವನು ಗಮನಿಸಲಿಲ್ಲ.

“ಏನ್ ಕಂಡ್ರಿ ಅಂತಾನಾರ ಯೋಳಿ,” ಎಂದರು ಅತ್ತಿಗೆ.

“ಗುಂಡಿಗಳು. ಒಂದು ಗುಂಡಿ ಮಧ್ಯೆ ಸಣ್ಣುದೊಂದು ಗುಡ್ಡ ಐತೆ. ಅದುರ್ ನೆಳ್ಳೂ ಕಾಣ್ತದೆ.”

ಅಷ್ಟು ಹೊತ್ತಿಗೆ ಅತ್ತಿಗೆಯ ಕೈಯಲ್ಲಿ ಅಣ್ಣನ ಫೋನು ಬಡಿದುಕೊಂಡಿತು. ಅವರೇ ಎತ್ತಿ ಕೇಳಿಸಿಕೊಂಡರು. “ಮಂಡ್ಯದೋರು. ಭಾನ್ವಾರ ಎಷ್ಟೊತ್ಗೆ ಬರ್ಲಿ ಅಂತಾವ್ರೆ.”

ಅಣ್ಣ ಕಣ್ಣು ತೆಗೆಯಲಿಲ್ಲ. “ಸಂಜೆ ಮೇಲೆ ಬರಾಕೇಳು. ಉಂಡ್ಕಂಡು, ಚಂದ್ರನ್ನ ನೋಡ್ಕಂಡು ಓಗ್ಲಿ. ಸಾಮಾನು ಕೊಡಾಕಿಲ್ಲ ಅನ್ನು.”

“ಅದುನ್ನ ನೀವೇ ಯೋಳಿ,” ಎಂದು ಅತ್ತಿಗೆ ಫೋನನ್ನು ಅವನ ಕಿವಿಗೆ ಒತ್ತಿ ಹಿಡಿದರು. ಒಂದು ಕಣ್ಣು ಮುಚ್ಚಿಕೊಂಡೇ ಅಣ್ಣ ಆ ಮನುಷ್ಯನ ಕ್ಷಮೆ ಕೇಳಿದ.

ಮರುದಿನ ಬೆಳಿಗ್ಗೆ ಏಳರ ಬಸ್ಸು. ಯಾವತ್ತೂ ದೂರದರ್ಶಕವನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಗೆ ಹಾಕದೆ ಅಣ್ಣ ಮಲಗುತ್ತಿರಲಿಲ್ಲ. ಬಸ್ಸು ಅವರ ಬೀದಿಯ ತುದಿ ದಾಟುವಾಗ ತಿರುಗಿ ನೋಡಿದೆ. ಅಂಗಳದ ನಡುವೆ ಅದು ನಿಂತೇ ಇತ್ತು, ಮೇಲೆ ನೀಲಿ ಟಾರ್ಪಾಲು ಹೊದ್ದು, ಪಕ್ಕದಲ್ಲಿ ಖಾಲಿ ಕುರ್ಚಿ. ಟಾರ್ಪಾಲು ಹಳದಿ, ಕುರ್ಚಿಯನ್ನು ತಾನೇ ಒಳಗೆ ತಂದಿದ್ದೆ ಎನ್ನುತ್ತಾರೆ ಅತ್ತಿಗೆ. ಇರಬಹುದು. ಅದನ್ನು ಬಿಚ್ಚಿರಲಿಲ್ಲ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.